ಗ್ರೀಷ್ಮದ ಉಡುಗೆ ಮತ್ತು ವ್ರತಿಯ ವಿವೇಕ

ಉಪವಾಸವೆಂದರೆ ಆಹಾರತ್ಯಾಗ ಎಂಬ ಭಾವನೆ ಶ್ರಾವಕರ ಮನೆಗಳಲ್ಲಿ ಆಳವಾಗಿ ಬೇರೂರಿದೆ. ತಟ್ಟೆಗೆ ಏನು ಬರಬೇಕು, ಏನು ಬರಬಾರದು ಎಂಬುದನ್ನು ಎಳೆಯ ಮಕ್ಕಳೂ ಬಲ್ಲರು. ಆದರೆ ಪರ್ವದಿನದಂದು ಮೈಮೇಲೆ ಏನಿರಬೇಕು ಎಂದು ಕೇಳುವವರು ವಿರಳ. ಶಾಸ್ತ್ರವು ಈ ಎರಡನ್ನೂ ಬೇರ್ಪಡಿಸಿಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಒಮ್ಮೆ ಉಪಯೋಗಿಸಿ ಬಿಡುವ ಆಹಾರಾದಿಗಳನ್ನು ಭೋಗವೆಂದೂ, ಮತ್ತೆ ಮತ್ತೆ ಉಪಯೋಗಿಸುವ ವಸ್ತ್ರಾದಿಗಳನ್ನು ಉಪಭೋಗವೆಂದೂ ಕರೆದು, ಎರಡನ್ನೂ ಭೋಗೋಪಭೋಗ ಪರಿಮಾಣವೆಂಬ ಒಂದೇ ಗುಣವ್ರತದೊಳಗೆ ತಂದಿದ್ದಾರೆ. ಅನ್ನಕ್ಕೆ ಎಷ್ಟು ವಿಚಾರ ಬೇಕೋ ಬಟ್ಟೆಗೂ ಅಷ್ಟೇ ವಿಚಾರ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ವಿಚಾರ ತೀವ್ರವಾಗುವುದು ಬೇಸಗೆಯಲ್ಲಿ. ಅಷ್ಟಮಿ ಚತುರ್ದಶಿಗಳು ಋತುವನ್ನು ನೋಡಿ ಬರುವುದಿಲ್ಲ. ಫಾಲ್ಗುಣದ ಅಷ್ಟಾಹ್ನಿಕ, ಚೈತ್ರದ ಮಹಾವೀರ ಜಯಂತಿ, ವೈಶಾಖದ ಅಕ್ಷಯ ತೃತೀಯೆ, ಜ್ಯೇಷ್ಠದ ಶ್ರುತಪಂಚಮಿ ಇವೆಲ್ಲವೂ ಬಿಸಿಲಿನ ತಿಂಗಳುಗಳಲ್ಲೇ ಬೀಳುತ್ತವೆ. ಆಗ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ವ್ರತ ಹಿಡಿದ ಮೇಲೆ ಮೈಗೆ ತಂಪನ್ನು ಹುಡುಕುವುದೇ ದೌರ್ಬಲ್ಯ, ಬಟ್ಟೆ ಯಾವುದಾದರೇನು ಎಂಬುದು ಒಂದು. ದೇಹ ಸುಖವಾಗಿದ್ದರೆ ತಾನೇ ಧರ್ಮ, ತಂಪಾಗಿರುವುದನ್ನು ಎಷ್ಟಾದರೂ ಕೊಂಡು ಉಡಲಿ ಎಂಬುದು ಇನ್ನೊಂದು. ಇವೆರಡರಲ್ಲಿ ಯಾವುದೂ ವ್ರತಿಯ ಮಾತಲ್ಲ ಎಂಬುದನ್ನು ಮುಂದೆ ವಿಚಾರಿಸಬಹುದು.

ವಿಚಾರಕ್ಕೆ ಒಂದು ಊರನ್ನು ಮುಂದಿಟ್ಟುಕೊಂಡರೆ ಅನುಕೂಲ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕಿರುಗಾವಲು, ಬನ್ನೂರಿನ ಮಾರ್ಗವಾಗಿ ಮಳವಳ್ಳಿಯಿಂದ ಮೈಸೂರಿಗೆ ಹೋಗುವ ದಾರಿಯಲ್ಲಿರುವ ಹೋಬಳಿ ಕೇಂದ್ರ. ಈ ಜಿಲ್ಲೆಗೆ ಜಿನಧರ್ಮ ಹೊಸತಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ, ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟ ಇವು ಅದಕ್ಕೆ ಸಾಕ್ಷಿ. ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಈ ಸೀಮೆಯ ತಾಪ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಭತ್ತ ಕಬ್ಬುಗಳ ಜೊತೆಗೆ ಹಿಪ್ಪುನೇರಳೆಯೂ ಇಲ್ಲಿನ ಬೆಳೆ. ಮಳವಳ್ಳಿ ತಾಲ್ಲೂಕು ಹಳೆಯ ರೇಷ್ಮೆ ಸೀಮೆಗೆ ಸೇರಿದ್ದು. ಮೈಸೂರು ಸಂಸ್ಥಾನದಲ್ಲಿ ರೇಷ್ಮೆ ವ್ಯವಸಾಯಕ್ಕೆ ಟಿಪ್ಪು ಸುಲ್ತಾನನ ಕಾಲದಲ್ಲಿ ಪ್ರೋತ್ಸಾಹ ದೊರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆ ಆರಂಭವಾಯಿತು. ಹೀಗಾಗಿ ಬಿಸಿಲು, ವ್ರತ, ರೇಷ್ಮೆ ಈ ಮೂರೂ ಇಂಥ ಊರಿನ ಗೃಹಸ್ಥನ ಮುಂದೆ ಒಟ್ಟಿಗೆ ನಿಲ್ಲುತ್ತವೆ. ಬೇರೆ ಊರಿನವನಿಗೆ ರೇಷ್ಮೆಯೆಂದರೆ ಅಂಗಡಿಯ ಗಾಜಿನ ಹಿಂದಿರುವ ಸೀರೆ. ಇಲ್ಲಿಯವನಿಗೆ ಅದು ನೆರೆಮನೆಯ ಚಂದ್ರಿಕೆಯ ಮೇಲಿರುವ ಜೀವ.

ಮೊದಲು ಬಟ್ಟೆ ತಂಪು ಕೊಡುವ ಬಗೆಯನ್ನು ತಿಳಿಯಬೇಕು. ಬಟ್ಟೆಯಲ್ಲಿ ತಾನಾಗಿ ತಂಪಿಲ್ಲ. ದೇಹ ತನ್ನ ಶಾಖವನ್ನು ಹೊರಹಾಕುವುದಕ್ಕೆ ಅದು ದಾರಿ ಬಿಡುತ್ತದೆ, ಅಥವಾ ತಡೆಯುತ್ತದೆ. ಸುತ್ತಲಿನ ಗಾಳಿ ಮೈಯಷ್ಟೇ ಬಿಸಿಯಾಗುತ್ತ ಬಂದಾಗ ದೇಹಕ್ಕೆ ಉಳಿಯುವ ಮುಖ್ಯ ಉಪಾಯ ಬೆವರು ಆರುವುದೊಂದೇ. ಒಂದು ಲೀಟರ್ ಬೆವರು ಮೈಮೇಲೆಯೇ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಆರದೆ ತೊಟ್ಟಿಕ್ಕಿ ಬಿದ್ದ ಬೆವರಿನಿಂದ ನೀರು ನಷ್ಟವಾಗುತ್ತದೆಯೇ ಹೊರತು ತಂಪಾಗುವುದಿಲ್ಲ. ಗದ್ದೆಬಯಲಿನ ತೇವದ ಗಾಳಿಯಲ್ಲಿ ಬೆವರು ಇನ್ನೂ ನಿಧಾನವಾಗಿ ಆರುತ್ತದೆ. ಆದುದರಿಂದ ಬಟ್ಟೆ ಬೆವರನ್ನು ಹೀರಿ ಹರಡಬೇಕು, ಗಾಳಿ ಒಳಹೊಕ್ಕು ಹೊರಡುವಂತೆ ನೇಯ್ಗೆ ಸಡಿಲವಾಗಿರಬೇಕು, ಉಡುಗೆ ಮೈಗೆ ಅಂಟದಂತಿರಬೇಕು. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ತನ್ನಲ್ಲಿ ಹಿಡಿದಿಡುತ್ತದೆ. ರೇಷ್ಮೆ ಸುಮಾರು 11 ಗ್ರಾಂ, ನೈಲಾನ್ ಸುಮಾರು 4 ಗ್ರಾಂ ಹಿಡಿದಿಡುತ್ತವೆ. ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಗ್ರಾಮಿಗೂ ಕಡಿಮೆ.

ಬಣ್ಣದ ವಿಷಯದಲ್ಲಿ ಬಿಳಿಯೇ ತಂಪೆಂಬ ನಂಬಿಕೆ ಮೈಗಂಟಿದ ಉಡುಗೆಗೆ ಸಲ್ಲುತ್ತದೆ. ಆದರೆ ಮರುಭೂಮಿಯ ಬೆದೂಯಿನ್ ಜನರು ಕಪ್ಪು ನಿಲುವಂಗಿ ತೊಡುವುದೇಕೆಂದು ನಡೆಸಿದ ಪರೀಕ್ಷೆಯೊಂದು 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಡಿಲವಾದ ಅಂಗಿ ಕಪ್ಪಾಗಿರಲಿ ಬಿಳಿಯಾಗಿರಲಿ ಮೈಗೆ ತಲುಪುವ ಶಾಖ ಒಂದೇ ಎಂದು ಅದರಲ್ಲಿ ಕಂಡುಬಂದಿತು. ಕಪ್ಪು ಬಟ್ಟೆ ಹೆಚ್ಚಾಗಿ ಹೀರಿದ ಶಾಖವನ್ನು ಅಂಗಿಯೊಳಗೆ ಆಡುವ ಗಾಳಿ ಚರ್ಮಕ್ಕೆ ಮುಟ್ಟುವ ಮೊದಲೇ ಒಯ್ಯುತ್ತದೆ. ಸಡಿಲಿಕೆಯ ಬೆಲೆ ಇದರಿಂದ ತಿಳಿಯುತ್ತದೆ. ಮೇಲುಕೋಟೆಯ ಕೈಮಗ್ಗದ ಪಂಚೆ, ಖಾದಿಯ ಉತ್ತರೀಯ, ತೆಳುವಾದ ವಾಯಿಲ್ ಸೀರೆ ಇವುಗಳನ್ನು ಉಟ್ಟ ಹಿರಿಯರಿಗೆ ಈ ಲೆಕ್ಕಾಚಾರ ತಿಳಿದಿರಲಿಲ್ಲವಾದರೂ ಅದರ ಫಲ ತಿಳಿದಿತ್ತು.

ನಿರ್ಜಲ ಉಪವಾಸ ಮಾಡುವವರಿಗೆ ಈ ಲೆಕ್ಕ ಕೇವಲ ಸುಖದ ಲೆಕ್ಕವಲ್ಲ. ಅಂದು ಮೈಯಿಂದ ಹೋದ ನೀರು ಮರುದಿನದ ಪಾರಣೆಯವರೆಗೆ ಮರಳುವುದಿಲ್ಲ. ಬೆವರು ಆರದ ಬಟ್ಟೆಯನ್ನು ಸುತ್ತಿಕೊಂಡವರು ಬೆವರುತ್ತಲೇ ಇರುತ್ತಾರೆ, ತಣಿಯುವುದಿಲ್ಲ. ಸಂಜೆಯ ಹೊತ್ತಿಗೆ ತಲೆ ಸುತ್ತುತ್ತದೆ, ಸಾಮಾಯಿಕದಲ್ಲಿ ಮನಸ್ಸು ನಿಲ್ಲುವುದಿಲ್ಲ, ಸ್ವಾಧ್ಯಾಯದ ಪುಸ್ತಕ ಕೈಯಿಂದ ಜಾರುತ್ತದೆ.

ಇಲ್ಲಿ ಒಂದು ಶಂಕೆ ಏಳುತ್ತದೆ. ತತ್ತ್ವಾರ್ಥಸೂತ್ರವು ಎಣಿಸಿದ 22 ಪರೀಷಹಗಳಲ್ಲಿ ಉಷ್ಣವೂ ಒಂದು. ಸಹಿಸಬೇಕೆಂದು ಹೇಳಿದ ತಾಪವನ್ನು ಬಟ್ಟೆಯ ಆಯ್ಕೆಯಿಂದ ತಪ್ಪಿಸಿಕೊಳ್ಳುವುದು ತಪಸ್ಸಿಗೆ ಕುಂದಲ್ಲವೆ?

ಸಮಾಧಾನ ಆ ಸೂತ್ರಗಳಲ್ಲಿಯೇ ಇದೆ. ಮಾರ್ಗದಿಂದ ಜಾರದಿರುವುದಕ್ಕಾಗಿ ಮತ್ತು ಕರ್ಮನಿರ್ಜರೆಗಾಗಿ ಪರೀಷಹಗಳನ್ನು ಸಹಿಸಬೇಕೆಂದು ಉಮಾಸ್ವಾಮಿಗಳು ಉದ್ದೇಶವನ್ನು ಹೇಳಿಯೇ ವಿಧಿಸಿದ್ದಾರೆ. ಸಂಕಟ ತಾನಾಗಿ ಸಾಧನೆಯಲ್ಲ. ಮೇಲಾಗಿ ಉಷ್ಣದ ಜೊತೆಗೆ ನಾಗ್ನ್ಯವೂ ಅದೇ ಪಟ್ಟಿಯಲ್ಲಿದೆ. ಆಚೇಲಕ್ಯವನ್ನು ಮೂಲಗುಣವಾಗಿ ಧರಿಸಿದ ದಿಗಂಬರ ಮುನಿ ಬಿಸಿಲಿಗೂ ಗಾಳಿಗೂ ಮೈಯೊಡ್ಡಿ ನಿಲ್ಲುತ್ತಾನೆ. ಆತನಿಗೆ ಬಟ್ಟೆಯನ್ನು ಆರಿಸುವ ಪ್ರಶ್ನೆಯೇ ಇಲ್ಲ. ಗೃಹಸ್ಥನಾದರೋ ಬಟ್ಟೆಯನ್ನು ಬಿಟ್ಟಿಲ್ಲ. ಬಿಡದೆ ಇರುವಾತನು ಅದನ್ನು ಆರಿಸಿಯೇ ತೀರಬೇಕು. ಆರಿಸುವುದಿಲ್ಲ ಎನ್ನುವವನ ಪರವಾಗಿ ಅಂಗಡಿಯವನು ಆರಿಸುತ್ತಾನೆ, ಇಲ್ಲವೆ ನೆಂಟರ ಕಣ್ಣು ಆರಿಸುತ್ತದೆ. ಮದುವೆಮನೆಯಲ್ಲಿ ಮೆರೆಯಲೆಂದು ಕೊಂಡ ಪಾಲಿಯೆಸ್ಟರ್ ಸೀರೆಯನ್ನು ಉಪವಾಸದ ದಿನ ಉಟ್ಟು ಬೇಯುವವಳು ಉಷ್ಣ ಪರೀಷಹವನ್ನು ಗೆದ್ದಳೆನ್ನಲಾಗದು. ಆಕೆ ಅನುಭವಿಸಿದ್ದು ತನ್ನ ಅಲಂಕಾರದ ತಾಪವನ್ನು. ಸೂರ್ಯನಿಂದ ಬಂದ ತಾಪಕ್ಕೂ ಹಣ ಕೊಟ್ಟು ತಂದ ತಾಪಕ್ಕೂ ವ್ಯತ್ಯಾಸವುಂಟು.

ಪ್ರೋಷಧೋಪವಾಸದ ಅತಿಚಾರಗಳಲ್ಲಿ ಅನಾದರವೂ ಒಂದೆಂಬುದನ್ನು ಇಲ್ಲಿ ನೆನೆಯಬೇಕು. ಹಸಿವು ತಾಪಗಳಿಂದ ಬಳಲಿ ಆವಶ್ಯಕ ಕ್ರಿಯೆಗಳಲ್ಲಿ ಉತ್ಸಾಹ ಕಳೆದುಕೊಳ್ಳುವುದೇ ಅನಾದರ. ಉಪವಾಸ ಉಳಿದು ಅದರ ಸಾರ ಹೋದರೆ ಪ್ರಯೋಜನವೇನು? ಷೋಡಶ ಭಾವನೆಗಳಲ್ಲಿ ತ್ಯಾಗ ತಪಸ್ಸುಗಳನ್ನು ಶಕ್ತಿಗನುಸಾರವಾಗಿ ಮಾಡಬೇಕೆಂದಿದೆ. ವೃದ್ಧರು, ಗರ್ಭಿಣಿಯರು, ಮಧುಮೇಹ ಮೊದಲಾದ ವ್ಯಾಧಿಯುಳ್ಳವರು ವೈದ್ಯರನ್ನು ಕೇಳದೆ ಬೇಸಗೆಯಲ್ಲಿ ನೀರನ್ನು ಬಿಡುವುದು ಶಕ್ತಿಯನ್ನು ಅರಿತ ತಪಸ್ಸಲ್ಲ. ಶಕ್ತಿಯನ್ನು ವ್ಯರ್ಥವಾಗಿ ಕಳೆಯದಂತೆ ಉಡುಗೆಯನ್ನು ಹೊಂದಿಸಿಕೊಳ್ಳುವುದು ತಪಸ್ಸಿಗೆ ಸಹಾಯಕವೇ ಹೊರತು ವಿರೋಧಿಯಲ್ಲ.

ಹೀಗೆ ತಂಪಿನ ಅಪೇಕ್ಷೆಗೆ ಒಂದು ನ್ಯಾಯವಾದ ಸ್ಥಾನ ದೊರೆಯಿತು. ಆದರೆ ಮೈಗೆ ತಂಪಾದುದೆಲ್ಲ ವ್ರತಿಗೆ ಯೋಗ್ಯವೆ? ಭೋಗೋಪಭೋಗ ವ್ರತದಲ್ಲಿ ತ್ಯಜಿಸಬೇಕಾದವುಗಳನ್ನು ಆಚಾರ್ಯರು ಐದು ಬಗೆಯಾಗಿ ವಿವೇಚಿಸಿದ್ದಾರೆ: ತ್ರಸ ಜೀವಗಳ ಘಾತದಿಂದ ಬಂದುದು, ಪ್ರಮಾದವನ್ನು ತರುವುದು, ಅಲ್ಪಫಲಕ್ಕಾಗಿ ಬಹುಘಾತ ಮಾಡುವುದು, ಅನಿಷ್ಟವಾದುದು, ಅನುಪಸೇವ್ಯ ಎಂದರೆ ಸತ್ಪುರುಷರು ಸೇವಿಸಲು ಯೋಗ್ಯವಲ್ಲದುದು. ಈ ವಿಭಾಗದ ಉದಾಹರಣೆಗಳು ಹೆಚ್ಚಾಗಿ ಆಹಾರಕ್ಕೆ ಸಂಬಂಧಿಸಿದವು. ಆದರೆ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ವಾಹನ ಆಭರಣಗಳನ್ನೂ ಹೆಸರಿಸಿ, ಇಷ್ಟೇ ಸಾಕು, ಉಳಿದುದು ಅನಿಷ್ಟವೆಂದು ನಿವೃತ್ತಿಯಾಗಬೇಕೆಂದಿದ್ದಾರೆ. ವಸ್ತ್ರವನ್ನೂ ಈ ಒರೆಗಲ್ಲಿಗೆ ಹಚ್ಚಲು ಅಡ್ಡಿಯಿಲ್ಲ.

ಮೊದಲ ಪರೀಕ್ಷೆಯಲ್ಲಿಯೇ ರೇಷ್ಮೆ ಸೋಲುತ್ತದೆ. ಶಾಖದ ದೃಷ್ಟಿಯಿಂದ ರೇಷ್ಮೆ ಕೆಟ್ಟ ಬಟ್ಟೆಯಲ್ಲ. ಹಗುರವಾದ ರೇಷ್ಮೆ ತೇವವನ್ನು ಹತ್ತಿಗಿಂತ ಹೆಚ್ಚಾಗಿ ಹೀರುತ್ತದೆ, ಮೈಗೆ ಹಿತವಾಗಿರುತ್ತದೆ. ಅದಕ್ಕಾಗಿಯೇ ಇಲ್ಲಿ ಧರ್ಮದ ಪ್ರಶ್ನೆ ನಿಜವಾಗಿ ಏಳುತ್ತದೆ. ಸುಖಕರವಲ್ಲದುದನ್ನು ಬಿಡುವುದಕ್ಕೆ ವ್ರತ ಬೇಕಿಲ್ಲ. ಹಿಪ್ಪುನೇರಳೆ ಸೊಪ್ಪು ತಿನ್ನುತ್ತ ನಾಲ್ಕು ಜ್ವರಗಳನ್ನು ದಾಟಿ, ಸುಮಾರು ನಾಲ್ಕು ವಾರಗಳಲ್ಲಿ ಹಣ್ಣಾದ ಹುಳು ಚಂದ್ರಿಕೆಯ ಮೇಲೆ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಒಂದೇ ಎಳೆಯಾಗಿ ನೂರಾರು ಮೀಟರ್, ಉತ್ತಮ ತಳಿಯ ಗೂಡಿನಲ್ಲಿ 1,000 ಮೀಟರಿಗೂ ಹೆಚ್ಚು ಉದ್ದದ ನೂಲು ಅದರಲ್ಲಿರುತ್ತದೆ. ಪತಂಗ ಹೊರಬಂದರೆ ಎಳೆ ಕೆಡುತ್ತದೆ. ಆದುದರಿಂದ ಅದಕ್ಕೆ ಮೊದಲೇ ಗೂಡನ್ನು ಬಿಸಿಗಾಳಿಯಲ್ಲೋ ಹಬೆಯಲ್ಲೋ ಇಟ್ಟು ಒಳಗಿನ ಜೀವವನ್ನು ಕೊಂದು, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸಾಮಾನ್ಯವಾಗಿ 6ರಿಂದ 8 ಕಿಲೋ ಗೂಡು ಬೇಕು. ಗೂಡೊಂದರ ತೂಕ ಎರಡು ಗ್ರಾಮಿನ ಆಸುಪಾಸು. ಗುಣಿಸಿ ನೋಡಿದರೆ ಅರ್ಧ ಕಿಲೋ ತೂಗುವ ಒಂದು ಸೀರೆಯ ಹಿಂದೆ ಸುಮಾರು ಒಂದೂವರೆ ಸಾವಿರದಿಂದ ಎರಡು ಸಾವಿರ ಜೀವಗಳಿವೆ. ಒಬ್ಬರ ಮೈ ತಂಪಾಗಿರಲು ಇಷ್ಟು ಜೀವಗಳು ಬೇಯಬೇಕಾದರೆ ಆ ತಂಪನ್ನು ಉಪವಾಸದ ದಿನ ಹೊದೆಯುವುದು ಹೇಗೆ?

ರೇಷ್ಮೆ ಮಡಿ, ಹತ್ತಿ ಮೈಲಿಗೆ ಎಂಬ ನಂಬಿಕೆ ಸುತ್ತಮುತ್ತಲಿನ ಸಂಪ್ರದಾಯದಿಂದ ಅನೇಕ ಜೈನ ಮನೆಗಳಿಗೂ ಬಂದಿದೆ. ಪೂಜೆಗೆ ನೂಲಿನ ಸೀರೆಯಲ್ಲಿ ಹೋದರೆ ನಾಲ್ಕು ಜನ ಏನೆಂದಾರು ಎಂಬ ಅಳುಕೂ ಇದೆ. ಜಿನಮಾರ್ಗದಲ್ಲಿ ಶುಚಿತ್ವದ ಮೂಲ ಅಹಿಂಸೆ. ಆರ್ಯಿಕಾ ಮಾತೆಯರು ಉಡುವುದು ಬಿಳಿಯ ನೂಲಿನ ಒಂದು ಸೀರೆ. ಅವರಿಗೆ ನಮಸ್ಕರಿಸುವ ಶ್ರಾವಿಕೆಗೆ ಅದೇ ನೂಲು ಹೇಗೆ ಮೈಲಿಗೆಯಾದೀತು? ಉಪವಾಸದ ದಿನ ಅಲಂಕಾರವನ್ನು ಬಿಡಬೇಕೆಂದು ಸಮಂತಭದ್ರರೇ ವಿಧಿಸಿರುವಾಗ, ಜರಿಯಂಚಿನ ರೇಷ್ಮೆಗೆ ಅಂದು ಸ್ಥಾನವೆಲ್ಲಿ?

ಕೃಷಿಕನು ಸಾಕುತ್ತಾನೆ, ನೇಯುವವನು ನೇಯುತ್ತಾನೆ, ಕೊಳ್ಳುವವಳಿಗೆ ಏನು ದೋಷ ಎಂದು ಕೇಳಬಹುದು. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಎಣಿಸುವ ಧರ್ಮದಲ್ಲಿ ಈ ಸಮಾಧಾನ ನಿಲ್ಲುವುದಿಲ್ಲ. ಕೊಂಡ ಹಣವೇ ಮುಂದಿನ ಬೆಳೆಯ ಮೊಟ್ಟೆಯನ್ನು ತರಿಸುತ್ತದೆ. ಆದರೆ ಇದರಿಂದ ಬೆಳೆಗಾರನನ್ನು ಹಳಿಯುವ ಅಧಿಕಾರ ಯಾರಿಗೂ ಬರುವುದಿಲ್ಲ. ತುಂಡು ಜಮೀನಿನಲ್ಲಿ ಸಂಸಾರ ಸಾಗಿಸುವ ಕುಟುಂಬಗಳಿಗೆ ಹಿಪ್ಪುನೇರಳೆ ವರ್ಷಕ್ಕೆ ಹಲವು ಬಾರಿ ಕೈಗೆ ಹಣ ಕೊಡುವ ಬೆಳೆ. ಅವರ ಜೀವನೋಪಾಯದ ಕಷ್ಟ ಬೇರೆ, ಸೀರೆಯನ್ನು ಆರಿಸುವವರ ಸೌಕರ್ಯ ಬೇರೆ. ವ್ರತ ಮೊದಲು ಕೇಳುವುದು ಆಯ್ಕೆ ಇರುವವರನ್ನು.

ಪತಂಗ ಹೊರಬಂದ ಮೇಲೆ ಗೂಡಿನಿಂದ ನೂತ ಅಹಿಂಸಾ ರೇಷ್ಮೆ ಇಂದು ದೊರೆಯುತ್ತದೆ. ಏರಿ ರೇಷ್ಮೆಯ ಗೂಡಿನ ಒಂದು ತುದಿ ತೆರೆದಿರುವುದರಿಂದ ಅದನ್ನು ಕೊಲ್ಲದೆಯೂ ನೂಲಬಹುದು. ಬೇಯಿಸಿದ ರೇಷ್ಮೆಗಿಂತ ಇದು ಮೇಲೆಂಬುದು ನಿರ್ವಿವಾದ. ಆದರೂ ಸಾವಿರಾರು ವರ್ಷಗಳ ಸಾಕಣೆಯಿಂದ ಹಿಪ್ಪುನೇರಳೆ ರೇಷ್ಮೆಯ ಪತಂಗ ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಒಂದು ಹೆಣ್ಣು ಪತಂಗ ನಾನೂರು ಐನೂರು ಮೊಟ್ಟೆಗಳನ್ನಿಡುತ್ತದೆ. ಅವೆಲ್ಲಕ್ಕೂ ಸೊಪ್ಪು ಒದಗಿಸುವವರಿಲ್ಲ. ಬಂಧನವೂ ಮರಣವೂ ಅಲ್ಲಿ ಮುಗಿಯುವುದಿಲ್ಲ. ಹತ್ತಿ ಸುಲಭವಾಗಿ ಸಿಗುವಲ್ಲಿ ಈ ಸೂಕ್ಷ್ಮ ವಿನಾಯಿತಿಯನ್ನು ಹುಡುಕುವ ಅಗತ್ಯವಾದರೂ ಏನು?

ಅತ್ತೆಯ ಪೆಟ್ಟಿಗೆಯಲ್ಲಿ ಹಿಂದಿನಿಂದ ಬಂದಿರುವ ಧಾರೆಯ ಸೀರೆಯನ್ನು ಏನು ಮಾಡಬೇಕೆಂಬುದು ಹೆಂಗಸರಿಗೆ ಮನಸ್ಸನ್ನು ಹಿಂಡುವ ಪ್ರಶ್ನೆ. ಅದನ್ನು ಸುಡುವುದರಿಂದ ಒಂದು ಜೀವವೂ ಮರಳುವುದಿಲ್ಲ. ಸೀರೆಯಲ್ಲಿ ಹಿರಿಯರ ವಾತ್ಸಲ್ಯವೂ ಇದೆ. ಅದನ್ನು ನೆನಪಿಗೆಂದು ಇಟ್ಟುಕೊಂಡು, ಹೊಸದನ್ನು ಕೊಳ್ಳುವುದಿಲ್ಲವೆಂಬ ನಿಯಮ ಹಿಡಿಯಬಹುದು. ಆದರೆ ಬಸದಿಗೆ ಉಟ್ಟು ಹೋದರೆ ನೋಡಿದ ಎಳೆಯ ಹೆಣ್ಣುಮಕ್ಕಳು ಅಂಥದನ್ನೇ ಬಯಸುತ್ತಾರೆ. ಹಳೆಯ ಸೀರೆ ಹೊಸ ಸೀರೆಗೆ ಅನುಮೋದನೆಯಾಗದಂತೆ ನೋಡಿಕೊಳ್ಳುವುದು ಮನೆಯ ಹಿರಿಯರ ಹೊಣೆ. ವ್ರತ ಹಿಡಿದವರು ಕೊಳ್ಳುವಾಗ ವಿಚಾರಿಸುವುದೂ ಅಗತ್ಯ. ಇಳಕಲ್ ಸೀರೆಯ ಒಡಲು ನೂಲಿನದಾಗಿದ್ದರೂ ಸೆರಗು ರೇಷ್ಮೆಯದಾಗಿರುವುದುಂಟು.

ಪಾಲಿಯೆಸ್ಟರ್, ನೈಲಾನ್‌ಗಳಲ್ಲಿ ಹುಳುವಿನ ಘಾತವಿಲ್ಲ. ಅವು ಅಗ್ಗ, ಬೇಗ ಒಣಗುತ್ತವೆ, ಬಹುಕಾಲ ಬಾಳುತ್ತವೆ. ಬಡವರ ಮನೆಗೆ ಅವು ತಂದ ಅನುಕೂಲವನ್ನು ಅಲ್ಲಗಳೆಯಬಾರದು. ಆದರೆ ಬೇಸಗೆಯ ಉಪವಾಸಕ್ಕೆ ಅವು ಅನಿಷ್ಟದ ವರ್ಗಕ್ಕೆ ಸೇರುತ್ತವೆ. ದೇಹಕ್ಕೆ ಅಹಿತವಾದುದನ್ನೂ ಬಿಡಬೇಕೆಂಬುದು ಶಾಸ್ತ್ರದ ಮಾತು. ಪಾರಣೆಯ ಅಡುಗೆಗೆ ಒಲೆಯ ಮುಂದೆ ನಿಲ್ಲುವವರಿಗೆ ಇನ್ನೊಂದು ಅಪಾಯವೂ ಇದೆ. ಹತ್ತಿಗೂ ಬೆಂಕಿ ಹತ್ತುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿ ಆಳವಾಗಿ ಸುಡುತ್ತದೆ. ಒಗೆದಾಗಲೆಲ್ಲ ಅದರಿಂದ ಬಿಡುವ ಸೂಕ್ಷ್ಮ ಎಳೆಗಳು ನೀರನ್ನು ಸೇರಿ ಕೆರೆ ನದಿಗಳ ಜೀವಿಗಳ ಹೊಟ್ಟೆಗೆ ಹೋಗುತ್ತವೆಂಬುದೂ ಈಗ ತಿಳಿದಿದೆ. ಮೈ ಕಾಣುವಷ್ಟು ತೆಳುವಾದ ಬಟ್ಟೆ, ಅದು ಹತ್ತಿಯದೇ ಆಗಿರಲಿ, ಧರ್ಮಸ್ಥಾನದಲ್ಲಿ ಅನುಪಸೇವ್ಯ. ತಂಪಿನ ನೆಪ ಅಲ್ಲಿ ಸಲ್ಲದು.

ಹಾಗಾದರೆ ಹತ್ತಿ ನಿರ್ದೋಷವೆ? ಅಲ್ಲ. ಹತ್ತಿಯ ಹೊಲಕ್ಕೆ ಕಾಯಿಕೊರಕ ಹುಳುವಿಗಾಗಿ ವಿಷವನ್ನು ಸಿಂಪಡಿಸುತ್ತಾರೆ. ಭಾರತದಲ್ಲಿ 2002ರಲ್ಲಿ ಬಿಟಿ ಹತ್ತಿ ಬಂದ ಮೇಲೂ ಸಿಂಪಡಣೆ ನಿಂತಿಲ್ಲ. ಬಣ್ಣ ಹಾಕಲು, ತೊಳೆಯಲು ಅಪಾರವಾದ ನೀರು ಹೋಗುತ್ತದೆ. ಗೂಡಿನೊಳಗಿನ ಜೀವವನ್ನು ಕೊಲ್ಲುವುದು ರೇಷ್ಮೆಯ ನೂಲಿಗೆ ಅನಿವಾರ್ಯವಾದ ಹೆಜ್ಜೆ. ಹತ್ತಿಯ ನೂಲು ತೆಗೆಯಲು ಕೊಲ್ಲಬೇಕಾದ ಜೀವವಿಲ್ಲ. ಅಲ್ಲಿನ ಹಿಂಸೆ ಬೇಸಾಯದ ಆರಂಭಕ್ಕೆ ಸೇರಿದ್ದು, ಕಡಿಮೆ ಮಾಡಲು ಸಾಧ್ಯವಾದದ್ದು. ಈ ಅಂತರ ದೊಡ್ಡದು. ಆದರೆ ಇದನ್ನೇ ಆಧಾರ ಮಾಡಿಕೊಂಡು ಬೇಸಗೆ ಬಂದಾಗಲೆಲ್ಲ ಹತ್ತು ಹೊಸ ನೂಲಿನ ಸೀರೆ ಕೊಂಡು ಕಪಾಟಿನಲ್ಲಿ ಒಟ್ಟಿದರೆ ಅದು ಅಲ್ಪಫಲ ಬಹುಘಾತವೇ ಸರಿ. ಉಡದೆ ಬಿದ್ದಿರುವ ಬಟ್ಟೆ ಯಾರ ಮೈಯನ್ನೂ ತಣಿಸುವುದಿಲ್ಲ. ಅದರ ಹಿಂದಿನ ಹಿಂಸೆ ಮಾತ್ರ ಲೆಕ್ಕದಲ್ಲಿ ಉಳಿಯುತ್ತದೆ.

ಬಟ್ಟೆಯನ್ನು ಪರೀಕ್ಷಿಸುವುದು ಜೈನ ಮನೆಗೆ ಹೊಸ ಅಭ್ಯಾಸವೇನೂ ಅಲ್ಲ. ಕುಡಿಯುವ ನೀರನ್ನು ಶೋಧಿಸಲು ದಪ್ಪನಾದ ನೂಲಿನ ಬಟ್ಟೆಯನ್ನು ಎರಡು ಪದರ ಮಾಡಿ, ನೇಯ್ಗೆಯಲ್ಲಿ ತೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು, ಶೋಧಿಸಿದ ಮೇಲೆ ಉಳಿದ ಜೀವಾಣಿಯನ್ನು ಅದೇ ಜಲಮೂಲಕ್ಕೆ ಮರಳಿಸುವುದು ಇವೆಲ್ಲ ತಾಯಂದಿರು ಕಲಿಸಿದ ಪಾಠಗಳು. ನೀರಿನ ಜೀವಕ್ಕಾಗಿ ಬಟ್ಟೆಯನ್ನು ಬೆಳಕಿಗೆ ಹಿಡಿದ ಕೈ, ತನ್ನ ಉಡುಗೆಯನ್ನೂ ಹಾಗೆಯೇ ಹಿಡಿದು ನೋಡಬೇಕೆಂಬುದಷ್ಟೇ ಇಲ್ಲಿನ ಸೂಚನೆ.

ಇನ್ನು ಪರಿಮಾಣದ ಮಾತು. ನಿಯಮವನ್ನು ಒಂದು ದಿನಕ್ಕೆ, ಪಕ್ಷಕ್ಕೆ, ಮಾಸಕ್ಕೆ, ಋತುವಿಗೆ, ಅಯನಕ್ಕೆ ಎಂದು ಕಾಲ ಗೊತ್ತುಪಡಿಸಿ ಹಿಡಿಯಬಹುದೆಂದು ಸಮಂತಭದ್ರರು ಹೇಳಿ, ನಿಯಮಿಸಬೇಕಾದವುಗಳಲ್ಲಿ ವಸನವನ್ನೂ ಹೆಸರಿಸಿದ್ದಾರೆ. ಗೃಹಸ್ಥರಿಗೆ ಋತುವಿನ ನಿಯಮ ಸುಲಭವೂ ಹೌದು, ಸಾರ್ಥಕವೂ ಹೌದು. ಈ ಗ್ರೀಷ್ಮದಲ್ಲಿ ನಿತ್ಯಕ್ಕೆ ಇಷ್ಟು ಜೊತೆ, ಪೂಜೆಗೆ ಒಂದು ಜೊತೆ, ಉಪವಾಸದ ದಿನಕ್ಕೆ ಬಣ್ಣವಿಲ್ಲದ ನೂಲಿನ ಒಂದೇ ಜೊತೆ ಎಂದು ಎಣಿಕೆ ಹಾಕಿಕೊಳ್ಳಬಹುದು. ಬಿಸಿಲಿನಲ್ಲಿ ಒಣಗಿದ ಬಟ್ಟೆಯನ್ನು ತೆಗೆಯುವಾಗ, ಮಡಿಸುವಾಗ, ಹಾಸುವಾಗ ಇರುವೆ ಹುಳುಗಳಿಲ್ಲವೆಂದು ನೋಡಿ ಮೃದುವಾಗಿ ಕೊಡವಬೇಕು. ನೋಡದೆ ತೆಗೆಯುವುದು, ಇಡುವುದು, ಹಾಸುವುದು ಪ್ರೋಷಧದ ಅತಿಚಾರಗಳು.

ಸಂಖ್ಯೆ ಪಾಲಿಸಿದ ಮಾತ್ರಕ್ಕೆ ವ್ರತ ಪೂರ್ಣವಾಗುವುದಿಲ್ಲ. ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳೂ ಮನಸ್ಸಿಗೆ ಸಂಬಂಧಿಸಿದವು: ವಿಷಯಸುಖ ವಿಷವೆಂಬುದನ್ನು ಮರೆಯುವುದು, ಹಿಂದೆ ಅನುಭವಿಸಿದ್ದನ್ನು ನೆನೆದು ಸುಖಿಸುವುದು, ಇರುವುದರಲ್ಲಿ ಅತಿಯಾದ ಲೋಲುಪತೆ, ಮುಂದಿನದಕ್ಕೆ ಅತಿಯಾದ ತೃಷೆ, ಅನುಭವದಲ್ಲಿಯೇ ಮುಳುಗಿಹೋಗುವುದು. ಒಂದೇ ನೂಲಿನ ಪಂಚೆಯನ್ನು ಉಟ್ಟವನೂ ಅದರ ನಯವನ್ನೇ ದಿನವಿಡೀ ಮೆಚ್ಚುತ್ತಿದ್ದರೆ, ಇಲ್ಲವೆ ಇತರರ ರೇಷ್ಮೆಯನ್ನು ಜರೆದು ತನ್ನ ಸರಳತೆಗೆ ಉಬ್ಬುತ್ತಿದ್ದರೆ, ಆತನ ಪರಿಗ್ರಹ ಪೆಟ್ಟಿಗೆಯಿಂದ ಮನಸ್ಸಿಗೆ ಸ್ಥಳ ಬದಲಾಯಿಸಿತೆಂದು ತಿಳಿಯಬೇಕು.

ದಿಗಂಬರ ಪರಂಪರೆಯಲ್ಲಿ ವಸ್ತ್ರ ಹೆಜ್ಜೆಹೆಜ್ಜೆಗೂ ಕಡಿಮೆಯಾಗುತ್ತ ಹೋಗುತ್ತದೆ. ಪ್ರತಿಮೆಗಳನ್ನು ಏರುತ್ತ ಹನ್ನೊಂದನೆಯದರಲ್ಲಿ ಕ್ಷುಲ್ಲಕನಿಗೆ ಕೌಪೀನ ಮತ್ತು ಒಂದು ಖಂಡವಸ್ತ್ರ, ಐಲಕನಿಗೆ ಕೌಪೀನ ಮಾತ್ರ, ಮುನಿಗೆ ದಿಕ್ಕುಗಳೇ ಅಂಬರ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ 58 ಅಡಿ ಎತ್ತರದ ಬಾಹುಬಲಿ ಸ್ವಾಮಿ ಸಾವಿರಕ್ಕೂ ಹೆಚ್ಚು ಬೇಸಗೆಗಳನ್ನು ನಿರಾವರಣನಾಗಿ ಕಂಡಿದ್ದಾನೆ. ಆ ಎತ್ತರ ಗೃಹಸ್ಥನಿಗೆ ಇಂದೇ ಎಟುಕುವುದಲ್ಲ. ಆದರೆ ಮನೆಯ ಕಪಾಟಿನ ಮುಂದೆ ನಿಂತವನು ಯಾವ ಕಡೆಗೆ ಮುಖ ಮಾಡಿ ನಿಂತಿದ್ದಾನೆ ಎಂಬುದು ಆತನ ಕೈಯಲ್ಲಿದೆ. ವ್ರತ ಕೆಡದಂತೆ ದೇಹವನ್ನು ಕಾಯುವಷ್ಟು ತಂಪು, ಅನ್ಯಜೀವದ ಬೇಗೆಯಿಂದ ಬರದ ತಂಪು, ಎಣಿಕೆಗೆ ಒಳಪಟ್ಟ ತಂಪು, ಇಷ್ಟು ಆತನಿಗೆ ಸಲ್ಲುತ್ತದೆ.

ಭಗವಾನ್ ಆದಿನಾಥರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನು ಇಕ್ಷುರಸದಿಂದ ಪಾರಣೆ ಮಾಡಿಸಿದ ದಿನವೇ ಅಕ್ಷಯ ತೃತೀಯೆ. ಕಬ್ಬಿನ ನಾಡಾದ ಮಂಡ್ಯದಲ್ಲಿ ಆ ದಿನದ ನೆನಪು ಸಹಜವಾಗಿಯೇ ಸಿಹಿ. ಅಂದು ಹೊಸ ಬಟ್ಟೆ, ಹೊಸ ಒಡವೆ ಕೊಳ್ಳುವ ರೂಢಿ ಈಗ ಎಲ್ಲೆಡೆ ಹಬ್ಬಿದೆ. ಮುಂಬರುವ ಅಕ್ಷಯ ತೃತೀಯೆಯಂದು ಶ್ರಾವಕ ಶ್ರಾವಿಕೆಯರು ಅಂಗಡಿಗೆ ಹೋಗುವ ಮೊದಲು ಮನೆಯ ಬಟ್ಟೆಗಳನ್ನು ಒಮ್ಮೆ ಎಣಿಸಲಿ. ಬೇಡದ ಒಳ್ಳೆಯ ನೂಲಿನ ಬಟ್ಟೆಗಳನ್ನು ಒಗೆದು, ಬಿಸಿಲಿನಲ್ಲಿ ದುಡಿಯುವ ಕುಟುಂಬಕ್ಕೆ ಆದರದಿಂದ ಕೊಡಲಿ. ಉಳಿದವಕ್ಕೆ ಋತುವಿನ ನಿಯಮ ಹಿಡಿಯಲಿ. ದಾನದಿಂದ ಆರಂಭವಾದ ಆ ಪರ್ವಕ್ಕೆ ಕೊಳ್ಳುವುದಕ್ಕಿಂತ ಕೊಡುವುದು ಹೆಚ್ಚು ಒಪ್ಪುತ್ತದೆ.